ಮೂರು ಸಲ ‘ಯಶಸ್ವಿ’, ನಾಲ್ಕು ಸಲ ಲಾಕ್: ಏಜೆಂಟ್ ಓದುವ ಟೂಲ್ ದಾಖಲೆಯ ಒಂದು ಪ್ರಕರಣ ಅಧ್ಯಯನ

ಟಿಕೆಟ್‌ನಲ್ಲಿದ್ದದ್ದು ಒಂದೇ ಸಾಲು: ‘ಲಾಗಿನ್ ಆಗ್ತಿಲ್ಲ, ಅಕೌಂಟ್ ಲಾಕ್ ಅಂತ ತೋರಿಸ್ತಿದೆ.’ 9:10ಕ್ಕೆ ಬಂದ ಟಿಕೆಟ್ 9:12ಕ್ಕೆ ಮುಚ್ಚಿಯೂ ಆಯಿತು. ಮುಚ್ಚಿದ್ದು ಎಐ ಏಜೆಂಟ್, ಅಂದರೆ ಕೈಗೆ ಕೊಟ್ಟ ಟೂಲ್‌ಗಳನ್ನು (ಒಂದೊಂದು ಕೆಲಸ ಮಾಡುವ ಸಣ್ಣ ಪ್ರೋಗ್ರಾಮ್‌ಗಳು) ತಾನೇ ಕರೆದು ಕೆಲಸ ಮಾಡುವ ಭಾಷಾ ಮಾದರಿ. 9:21ಕ್ಕೆ ಅದೇ ಖಾತೆ ಮತ್ತೆ ಲಾಕ್. 9:30ಕ್ಕೆ ಏಜೆಂಟ್ ಎರಡನೇ ಸಲ ತೆರೆಯಿತು, 9:38ಕ್ಕೆ ಮತ್ತೆ ಲಾಕ್. 9:45ಕ್ಕೆ ಏಜೆಂಟ್ ಪಾಸ್‌ವರ್ಡನ್ನೇ ಬದಲಿಸಿ ಖಾತೆ ತೆರೆಯಿತು. ಏಳೇ ನಿಮಿಷದಲ್ಲಿ, 9:52ಕ್ಕೆ, ನಾಲ್ಕನೇ ಲಾಕ್. ಮೂರು ಸಲವೂ ಟೂಲ್ ಕೊಟ್ಟ ಉತ್ತರ ‘ಯಶಸ್ವಿ’. ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ.

ಹೆಲ್ಪ್‌ಡೆಸ್ಕ್‌ಗಳಲ್ಲಿ ಪದೇ ಪದೇ ಎದುರಾಗುವ ತೊಂದರೆಯನ್ನು ಒಂದು ಟಿಕೆಟ್ಟಿಗೆ ಇಳಿಸಿ ಬರೆದ ಮಾದರಿ ಪ್ರಕರಣ ಇದು. ಗಂಟೆ-ನಿಮಿಷ, ಸರ್ವರ್ ಹೆಸರು, ಟೂಲ್ ಹೆಸರುಗಳು ಉದಾಹರಣೆಗೆ ಇಟ್ಟುಕೊಂಡವು. ಸಂಸ್ಥೆಯ ಖಾತೆ, ಪಾಸ್‌ವರ್ಡ್‌ಗಳನ್ನು ನೋಡಿಕೊಳ್ಳುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ನಡೆದುಕೊಳ್ಳುವ ರೀತಿ ಮಾತ್ರ ಇದ್ದದ್ದು ಇದ್ದ ಹಾಗೆ.

ಪರಿಸರ ಹೀಗಿದೆ. ವಿಂಡೋಸ್ ಡೊಮೈನ್ (ಒಂದೇ ಡೈರೆಕ್ಟರಿಯಡಿ ಬರುವ ಖಾತೆ-ಯಂತ್ರಗಳ ಗುಂಪು), ಎರಡು ಸೈಟ್ (ಬೇರೆ ಬೇರೆ ಜಾಗದ ಜಾಲ). ಲಾಕ್ ನೀತಿ: 15 ನಿಮಿಷದೊಳಗೆ 5 ತಪ್ಪು ಪಾಸ್‌ವರ್ಡ್ ಬಿದ್ದರೆ 30 ನಿಮಿಷ ಲಾಕ್. ಕಚೇರಿಯ ವೈ-ಫೈಗೂ ಡೊಮೈನ್ ಪಾಸ್‌ವರ್ಡೇ. ಅದನ್ನು ಪರಿಶೀಲಿಸುವುದು ಒಂದು ರೇಡಿಯಸ್ ಸರ್ವರ್, ಅಂದರೆ ಜಾಲಕ್ಕೆ ಯಾರನ್ನು ಬಿಡಬೇಕೆಂದು ಹೇಳುವ ಸರ್ವರ್. ಅದರಲ್ಲಿ ಓಡುವುದು ಮೈಕ್ರೋಸಾಫ್ಟ್‌ನ ಎನ್‌ಪಿಎಸ್ ತಂತ್ರಾಂಶ, ಸರ್ವರ್ ಹೆಸರು ‘ರೇಡಿಯಸ್-02’. ಏಜೆಂಟ್ ಕೈಗೆ ಕೊಟ್ಟಿದ್ದು ಐದು ಟೂಲ್: ಖಾತೆ_ಸ್ಥಿತಿ, ಖಾತೆ_ತೆರೆ, ಪಾಸ್‌ವರ್ಡ್_ರೀಸೆಟ್, ಲಾಗ್_ಹುಡುಕು, ಕ್ರೆಡೆನ್ಶಿಯಲ್_ತೆರವು (ಯಂತ್ರದಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಅಳಿಸುವುದು).

ಖಾತೆ_ತೆರೆ ಟೂಲ್‌ಗೆ ಇದ್ದ ದಾಖಲೆ, ಅಂದರೆ ಏಜೆಂಟ್ ಓದುವ ವಿವರಣೆ, ಪೂರ್ತಿ ಇಷ್ಟೇ: ‘ಬಳಕೆದಾರರ ಖಾತೆಯ ಲಾಕ್ ತೆಗೆಯುತ್ತದೆ. ಲಾಗಿನ್ ಆಗದಿದ್ದಾಗ ಬಳಸಿ. ಪ್ಯಾರಾಮೀಟರ್: ಯೂಸರ್, ಸ್ಟ್ರಿಂಗ್.’ ಪಾಸ್‌ವರ್ಡ್_ರೀಸೆಟ್ ದಾಖಲೆಯಲ್ಲೂ ಅದೇ ಮಾತು: ‘ಲಾಗಿನ್ ಆಗದಿದ್ದಾಗ ಬಳಸಿ.’

ಹೆಲ್ಪ್‌ಡೆಸ್ಕ್‌ನಲ್ಲಿ ಆರು ತಿಂಗಳು ಕೂತ ಯಾರಿಗೂ ಇಷ್ಟು ಸಾಕು. ಉಳಿದದ್ದು ಅವರ ತಲೆಯಲ್ಲಿದೆ: ಒಂದೇ ಖಾತೆ ಎರಡನೇ ಸಲ ಲಾಕ್ ಆಯಿತೆಂದರೆ ಎಲ್ಲೋ ಹಳೆ ಪಾಸ್‌ವರ್ಡ್ ಉಳಿದಿದೆ, ಮೊದಲು ಅದನ್ನು ಹುಡುಕಬೇಕು. ಏಜೆಂಟ್‌ಗೆ ಆ ತಲೆ ಇಲ್ಲ. ಅದರ ಮುಂದಿರುವುದು ಟೂಲ್‌ನ ವಿವರಣೆ, ಪ್ಯಾರಾಮೀಟರ್ ಪಟ್ಟಿ, ಮರಳಿ ಬಂದ ಉತ್ತರ, ಈ ಮೂರೇ. ಭಾಷಾ ಮಾದರಿಗೆ ಆಕ್ಟಿವ್ ಡೈರೆಕ್ಟರಿಯ ಬಗ್ಗೆ ಸಾಮಾನ್ಯ ಜ್ಞಾನ ಬೇಕಾದಷ್ಟಿದೆ, ನಿಜ. ಆದರೆ ಟೂಲ್ ‘ಕೆಲಸ ಆಯಿತು’ ಎಂದಾಗ ಆ ಸಾಮಾನ್ಯ ಜ್ಞಾನವನ್ನು ಬದಿಗಿಟ್ಟು ಟೂಲ್‌ನ ಮಾತನ್ನೇ ನಂಬುವುದು ಅದರ ಸ್ವಭಾವ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ಏಜೆಂಟ್ ದಾರಿ ತಪ್ಪಿದ್ದು ಎಲ್ಲೆಲ್ಲಿ

ಮೊದಲ ತಪ್ಪು ದೊಡ್ಡದೇನಲ್ಲ. ಒಂದು ಸಲ ಲಾಕ್ ಆದ ಖಾತೆಯನ್ನು ತೆರೆದುಕೊಟ್ಟಿತು. ಪಾಸ್‌ವರ್ಡ್ ಬೆರಳು ತಪ್ಪಿ ಹೊಡೆದವರೇ ಹೆಚ್ಚು, ಅವರಿಗೆ ಅಷ್ಟೇ ಬೇಕಿರುವುದು. ತಪ್ಪಿದ್ದು ಅಲ್ಲೇ ಟಿಕೆಟ್ ಮುಚ್ಚಿದ್ದರಲ್ಲಿ.

ಎರಡನೇ ಲಾಕ್ ಆದಮೇಲೆ ಏಜೆಂಟ್ ಲಾಗ್ ಹುಡುಕಿತು, ಅಂದರೆ ಸರಿಯಾದ ದಿಕ್ಕಿಗೇ ಹೊರಟಿತ್ತು. 4740 ಎಂಬ ಈವೆಂಟ್, ಅಂದರೆ ‘ಖಾತೆ ಲಾಕ್ ಆಯಿತು’ ಎಂಬ ಲಾಗ್ ನಮೂದು, 9:00ರಿಂದ 9:30ರೊಳಗೆ ಇದೆಯೇ ಎಂದು ಕೇಳಿತು. ಉತ್ತರ: 0 ಫಲಿತಾಂಶ. ಟೂಲ್ ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಮಾನಕ ಸಮಯ) ತೆಗೆದುಕೊಳ್ಳುತ್ತದೆ. ಟಿಕೆಟ್‌ನಲ್ಲಿದ್ದದ್ದು ಸ್ಥಳೀಯ ಸಮಯ. ಈ ಕಚೇರಿ ಇರುವಲ್ಲಿ ಎರಡಕ್ಕೂ ಎರಡು ಗಂಟೆ ಅಂತರ. ಹಾಗೆಂದು ದಾಖಲೆಯಲ್ಲಿ ಎಲ್ಲೂ ಬರೆದಿರಲಿಲ್ಲ. ‘ಸ್ಟಾರ್ಟ್: ಸ್ಟ್ರಿಂಗ್, ಎಂಡ್: ಸ್ಟ್ರಿಂಗ್’ ಎಂದಷ್ಟೇ ಇತ್ತು. ಏಜೆಂಟ್ ತನ್ನ ಟಿಪ್ಪಣಿಯಲ್ಲಿ ‘ಲಾಕ್ ಘಟನೆ ದಾಖಲಾಗಿಲ್ಲ, ತಾತ್ಕಾಲಿಕ ದೋಷ ಇರಬಹುದು’ ಎಂದು ಬರೆದು ಮತ್ತೆ ತೆರೆಯಿತು.

ಶೂನ್ಯ ಅನ್ನುವುದು ಬಹಳ ಅಪಾಯದ ಉತ್ತರ. ಘಟನೆಯೇ ಆಗಿಲ್ಲ, ತಪ್ಪು ಸಮಯ ಕೇಳಿದ್ದೀರಿ, ತಪ್ಪು ಡೊಮೈನ್ ಕಂಟ್ರೋಲರ್‌ನಲ್ಲಿ (ಲಾಗಿನ್ ಪರಿಶೀಲಿಸುವ ಸರ್ವರ್) ಹುಡುಕಿದ್ದೀರಿ, ಲಾಗ್ ತುಂಬಿ ಹಳೆಯದು ಅಳಿಸಿಹೋಗಿದೆ: ಈ ನಾಲ್ಕಕ್ಕೂ ಆ ಟೂಲ್ ಕೊಡುತ್ತಿದ್ದದ್ದು ಒಂದೇ ‘0’.

ಮೂರನೇ ಲಾಕ್ ನಂತರ ಏಜೆಂಟ್ ಸಮಯದ ಮಿತಿ ಬಿಟ್ಟು ಹುಡುಕಿತು. ಈಗ 4740 ಸಿಕ್ಕಿತು. ಆದರೆ ಟೂಲ್ ಈವೆಂಟ್‌ನ ಒಳಗಿನ ಎಕ್ಸ್‌ಎಂಎಲ್ (ಯಂತ್ರ ಓದಲು ಬರೆದ ಪಠ್ಯ ರೂಪ) ಅನ್ನು ಹಾಗೇ ಕೊಟ್ಟಿತ್ತು, ಅದರಲ್ಲಿ ಒಂದು ಹಳೆಯ ಹಳ್ಳ ಇದೆ. ಈವೆಂಟ್ ವ್ಯೂವರ್ ಪರದೆಯಲ್ಲಿ ‘ಕಾಲರ್ ಕಂಪ್ಯೂಟರ್ ನೇಮ್’ ಎಂದು ಕಾಣುವ ಮಾಹಿತಿ, ಅಂದರೆ ತಪ್ಪು ಪಾಸ್‌ವರ್ಡ್ ಯಾವ ಯಂತ್ರದ ಮೂಲಕ ಬಂತು ಎಂಬುದು, ಎಕ್ಸ್‌ಎಂಎಲ್ ಒಳಗೆ ಕೂತಿರುವುದು ‘ಟಾರ್ಗೆಟ್‌ಡೊಮೈನ್‌ನೇಮ್’ ಎಂಬ ಹೆಸರಿನಲ್ಲಿ. ಪರದೆ ನೋಡುವ ಮನುಷ್ಯನಿಗೆ ಇದು ಗೊತ್ತಾಗುವುದೇ ಇಲ್ಲ. ಏಜೆಂಟ್‌ಗೆ ಕಂಡದ್ದು ‘ಟಾರ್ಗೆಟ್‌ಡೊಮೈನ್‌ನೇಮ್: ರೇಡಿಯಸ್-02’. ಅದು ಯಾವುದೋ ಬೇರೆ ಡೊಮೈನ್ ಇರಬೇಕೆಂದು ಒಂದು ಸುತ್ತು ಹಾಕಿತು. ಖಾತೆ_ಸ್ಥಿತಿಯಲ್ಲಿ ಅಂಥ ಡೊಮೈನ್ ಸಿಗದಾಗ, ಯಂತ್ರದ ಹೆಸರೇ ಇರಬಹುದೆಂದು ಊಹಿಸಿ, ಆ ಸರ್ವರ್ ಮೇಲೆ ಕ್ರೆಡೆನ್ಶಿಯಲ್_ತೆರವು ಓಡಿಸಿತು. ಉತ್ತರ: ‘ಯಶಸ್ವಿ. 0 ನಮೂದು ತೆಗೆಯಲಾಗಿದೆ.’

ಏನೂ ತೆಗೆಯದೆ ಯಶಸ್ವಿ. ಉಳಿಸಿಟ್ಟ ಪಾಸ್‌ವರ್ಡ್‌ಗಳು ಬಳಕೆದಾರರ ಪ್ರೊಫೈಲ್‌ಗೆ ಸೇರಿದವು. ಆ ಬಳಕೆದಾರ ರೇಡಿಯಸ್ ಸರ್ವರ್‌ಗೆ ಯಾವತ್ತೂ ಲಾಗಿನ್ ಆದವರಲ್ಲ. ಅಲ್ಲಿ ತೆಗೆಯಲು ಏನೂ ಇರುವ ಸಾಧ್ಯತೆಯೇ ಇರಲಿಲ್ಲ. ಆದರೂ ‘ಕಾರಣ ನಿವಾರಿಸಲಾಗಿದೆ’ ಎಂಬ ತೀರ್ಮಾನಕ್ಕೆ ಬಂದು, ಭದ್ರವಾಗಿರಲಿ ಎಂದು ಪಾಸ್‌ವರ್ಡ್ ರೀಸೆಟ್ ಮಾಡಿತು.

ಕೆಲಸ ನಿಜಕ್ಕೂ ಕೆಟ್ಟದ್ದು ಇಲ್ಲಿ. ಅಲ್ಲಿಯತನಕ ತಪ್ಪು ಪಾಸ್‌ವರ್ಡ್ ಕಳಿಸುತ್ತಿದ್ದದ್ದು ಒಂದೇ ಸಾಧನ: ಮೇಜಿನ ಖಾನೆಯಲ್ಲಿದ್ದು, ಆ ಬೆಳಿಗ್ಗೆ ಚಾರ್ಜಿಗೆ ಹಾಕಿ ಆನ್ ಮಾಡಿದ್ದ ಹಳೆಯ ಫೋನ್. ಅದು ಹಿಂದೆಂದೋ ಉಳಿಸಿಟ್ಟ ಪಾಸ್‌ವರ್ಡ್‌ನಿಂದ ವೈ-ಫೈಗೆ ಸೇರಲು ಬಿಡದೆ ಪ್ರಯತ್ನಿಸುತ್ತಿತ್ತು. ಪಾಸ್‌ವರ್ಡ್ ಬದಲಾದ ಮೇಲೆ ದಿನಬಳಕೆಯ ಫೋನಿನ ವೈ-ಫೈಯಲ್ಲಿದ್ದದ್ದೂ ಹಳೆಯದಾಯಿತು. ಒಂದಿದ್ದ ಮೂಲ ಎರಡಾಯಿತು.

ಬಗೆಹರಿದದ್ದು ಹೇಗೆ ಎಂಬುದು ಚಿಕ್ಕ ಕಥೆ. ಟಿಕೆಟ್ ಮನುಷ್ಯರ ಕೈಗೆ ಬಂದಾಗ ಅವರು ರೇಡಿಯಸ್-02ರ ಸೆಕ್ಯುರಿಟಿ ಲಾಗ್‌ನಲ್ಲಿ 6273 ನೋಡಿದರು. ಎನ್‌ಪಿಎಸ್ ಒಬ್ಬರಿಗೆ ಪ್ರವೇಶ ನಿರಾಕರಿಸಿದಾಗ ಬರೆಯುವ ಈವೆಂಟ್ ಅದು. ಕಾರಣ ಸಂಖ್ಯೆ 16, ಅಂದರೆ ಹೆಸರು-ಪಾಸ್‌ವರ್ಡ್ ಹೊಂದಿಕೆ ಇಲ್ಲ. ‘ಕಾಲಿಂಗ್ ಸ್ಟೇಷನ್ ಐಡೆಂಟಿಫೈಯರ್’ ಜಾಗದಲ್ಲಿ ಎರಡು ಬೇರೆ ಬೇರೆ ಮ್ಯಾಕ್ ವಿಳಾಸ, ಅಂದರೆ ಎರಡು ಸಾಧನಗಳ ಜಾಲದ ಗುರುತು. ಬಳಕೆದಾರರಿಗೆ ಕೇಳಿದರು, ಖಾನೆಯ ಫೋನ್ ನೆನಪಾಯಿತು. ಎರಡೂ ಫೋನಿನಲ್ಲಿ ಆ ವೈ-ಫೈ ಮರೆಸಿ, ಆಮೇಲೆ ಖಾತೆ ತೆರೆದರು.

ದಾಖಲೆ ತಿದ್ದುವ ಕೆಲಸ

ಮೊದಲು ಮಾಡಿದ್ದು ಬರೆಯುವುದಲ್ಲ, ಓದುವುದು. ಮನುಷ್ಯರು ಬಗೆಹರಿಸಿದ ಹಳೆಯ ಲಾಕ್ ಟಿಕೆಟ್‌ಗಳ ಕೆಲಸದ ಟಿಪ್ಪಣಿ ತೆಗೆದು ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಯಾವ ಟೂಲ್ ಬಳಸಿದರು? ಯಾವ ಉತ್ತರ ನೋಡಿ ದಾರಿ ಬದಲಿಸಿದರು? ಮುಗಿಯಿತೆಂದು ಯಾವುದರಿಂದ ತಿಳಿದುಕೊಂಡರು? ಎರಡನೆಯದಕ್ಕೆ ಟಿಪ್ಪಣಿಯಲ್ಲಿ ಉತ್ತರ ಸಿಗುವುದೇ ಅಪರೂಪ, ಬರೆದವರ ಪಕ್ಕ ಕೂತು ಕೇಳಬೇಕು. ದಾಖಲೆಗೆ ಬೇಕಿರುವ ಸರಕೆಲ್ಲ ಅಲ್ಲೇ ಇರುವುದು.

ಖಾತೆ_ತೆರೆ ಟೂಲ್‌ನ ಹೊಸ ವಿವರಣೆ ಹೀಗಾಯಿತು:

‘ಈಗ ಲಾಕ್ ಆಗಿರುವ ಒಂದು ಖಾತೆಯ ಲಾಕ್ ತೆಗೆಯುತ್ತದೆ. ಲಾಕ್ ಆದ ಕಾರಣವನ್ನು ಸರಿಪಡಿಸುವುದಿಲ್ಲ. ನಿಷ್ಕ್ರಿಯ ಮಾಡಿದ ಖಾತೆಗಾಗಲಿ, ಪಾಸ್‌ವರ್ಡ್ ಅವಧಿ ಮುಗಿದ ಖಾತೆಗಾಗಲಿ ಇದರಿಂದ ಉಪಯೋಗವಿಲ್ಲ. ಮೊದಲು ಖಾತೆ_ಸ್ಥಿತಿ ನೋಡಿ. ಯೂಸರ್: ಲಾಗಿನ್ ಹೆಸರು ಮಾತ್ರ, ಇಮೇಲ್ ಅಥವಾ ಪೂರ್ಣ ಹೆಸರು ಒಪ್ಪುವುದಿಲ್ಲ. ಬಳಸಬಾರದ ಸಂದರ್ಭ: ಕಳೆದ 24 ಗಂಟೆಯಲ್ಲಿ ಇದೇ ಖಾತೆಯನ್ನು ಒಮ್ಮೆ ತೆರೆದಿದ್ದರೆ ಮೊದಲು ಲಾಗ್_ಹುಡುಕು ಬಳಸಿ ಮೂಲ ಕಂಡುಹಿಡಿಯಿರಿ, ಒಂದೇ ಮೂಲದಿಂದ ಮೂರು ಅಥವಾ ಹೆಚ್ಚು ಖಾತೆ ಲಾಕ್ ಆಗಿದ್ದರೆ ಯಾವುದನ್ನೂ ತೆರೆಯದೆ ಭದ್ರತಾ ತಂಡಕ್ಕೆ ಒಪ್ಪಿಸಿ. “ತೆರೆಯಲಾಗಿದೆ” ಎಂಬ ಉತ್ತರದ ಅರ್ಥ: ಬರೆದ ಕಂಟ್ರೋಲರ್‌ನಲ್ಲಿ ಆ ಕ್ಷಣ ಲಾಕ್ ಇಲ್ಲ. ಸಮಸ್ಯೆ ಬಗೆಹರಿದಿದೆ ಎಂದಲ್ಲ. ಟಿಕೆಟ್ ಮುಚ್ಚುವ ಮೊದಲು 20 ನಿಮಿಷ ಬಿಟ್ಟು ಖಾತೆ_ಸ್ಥಿತಿ ಮತ್ತೆ ನೋಡಿ.’

‘ಯಶಸ್ವಿ’ ಎಂಬ ಪದವನ್ನೇ ಟೂಲ್‌ನ ಉತ್ತರದಿಂದ ಕಿತ್ತುಹಾಕಲಾಯಿತು. ಈಗ ಬರುವುದು ‘ತೆರೆಯಲಾಗಿದೆ’, ‘ಮೊದಲೇ ತೆರೆದಿತ್ತು’, ‘ಖಾತೆ ನಿಷ್ಕ್ರಿಯ, ಏನೂ ಮಾಡಿಲ್ಲ’. ಕ್ರೆಡೆನ್ಶಿಯಲ್_ತೆರವು ಏನೂ ಸಿಗದಿದ್ದರೆ ‘ತೆಗೆಯಲು ಏನೂ ಇರಲಿಲ್ಲ, ಈ ಯಂತ್ರ ಲಾಕ್‌ನ ಮೂಲವಲ್ಲದಿರಬಹುದು’ ಎನ್ನುತ್ತದೆ. ದಾಖಲೆಗಿಂತ ಉತ್ತರದ ಪದ ಬದಲಿಸಿದ್ದೇ ಹೆಚ್ಚು ಫಲ ಕೊಡುವ ತಿದ್ದುಪಡಿ ಎಂಬುದು ನಮ್ಮ ಅಭಿಪ್ರಾಯ. ವಿವರಣೆಯನ್ನು ಏಜೆಂಟ್ ಕೆಲಸ ಶುರುವಾಗುವಾಗ ಓದಿರುತ್ತದೆ, ಉತ್ತರವನ್ನು ಮುಂದಿನ ಹೆಜ್ಜೆ ಇಡುವ ಕ್ಷಣದಲ್ಲಿ ಓದುತ್ತದೆ.

20 ನಿಮಿಷ ಯಾಕೆ? ಈ ಪ್ರಕರಣದಲ್ಲಿ ತೆರೆದದ್ದಕ್ಕೂ ಮತ್ತೆ ಲಾಕ್ ಆದದ್ದಕ್ಕೂ ನಡುವೆ 9, 8, 7 ನಿಮಿಷ. ಎಣಿಕೆಯ ಅವಧಿ 15 ನಿಮಿಷ. ಅದನ್ನು ದಾಟಿ ಸ್ವಲ್ಪ ಕಾಯಬೇಕು. ಹಾಗೆಂದು ನೀತಿಯ 5, 15, 30 ಎಂಬ ಸಂಖ್ಯೆಗಳನ್ನು ದಾಖಲೆಯಲ್ಲಿ ಬರೆದಿಡಲಿಲ್ಲ. ನೀತಿ ಬದಲಾದ ದಿನ ದಾಖಲೆ ಸುಳ್ಳಾಗುತ್ತದೆ. ಮೇಲಾಗಿ ಕೆಲವು ಗುಂಪುಗಳಿಗೆ ಬೇರೆಯೇ ನೀತಿ ಇರಬಹುದು. ಬದಲಾಗುವ ಸಂಗತಿಯನ್ನು ಟೂಲ್ ಹೇಳಬೇಕು, ಬದಲಾಗದ್ದನ್ನು ದಾಖಲೆ ಹೇಳಬೇಕು. ಆ ಖಾತೆಗೆ ಅನ್ವಯಿಸುವ ನೀತಿಯನ್ನು ಈಗ ಖಾತೆ_ಸ್ಥಿತಿಯೇ ಕೊಡುತ್ತದೆ. 20 ಎಂಬುದನ್ನೂ ಆಮೇಲೆ ‘ಎಣಿಕೆಯ ಅವಧಿ ಮತ್ತು ಮೇಲೆ 5 ನಿಮಿಷ’ ಎಂದು ತಿದ್ದಲಾಯಿತು.

ಖಾತೆ_ಸ್ಥಿತಿ ತಿದ್ದುವಾಗ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಯಿತು. ಹಳೆಯ ಟೂಲ್ ಡೈರೆಕ್ಟರಿಯ ಗುಣಗಳನ್ನು ಹಸಿಹಸಿಯಾಗಿ ಕೊಡುತ್ತಿತ್ತು. ಅದರಲ್ಲಿ ‘ಲಾಕ್‌ಔಟ್‌ಟೈಮ್’ ಒಂದು. ಅದು ಶೂನ್ಯವಲ್ಲದಿದ್ದರೆ ಖಾತೆ ಲಾಕ್ ಆಗಿದೆ ಎಂದು ಏಜೆಂಟ್ ತಿಳಿಯುತ್ತದೆ, ಬಹಳಷ್ಟು ಮನುಷ್ಯರೂ ಹಾಗೇ ತಿಳಿಯುತ್ತಾರೆ. ಆದರೆ ಲಾಕ್ ಅವಧಿ ತಾನಾಗಿ ಮುಗಿದ ಮೇಲೂ ಆ ಮೌಲ್ಯ ಹಾಗೇ ಉಳಿದು, ಮುಂದಿನ ಸರಿಯಾದ ಲಾಗಿನ್ ಆದಾಗ ಅಥವಾ ಯಾರಾದರೂ ಖಾತೆ ತೆರೆದಾಗ ಮಾತ್ರ ಶೂನ್ಯವಾಗುತ್ತದೆ. ಇನ್ನೊಂದು ‘ಬ್ಯಾಡ್‌ಪಾಸ್‌ವರ್ಡ್‌ಕೌಂಟ್’. ಇದು ಒಂದು ಕಂಟ್ರೋಲರ್‌ನಿಂದ ಇನ್ನೊಂದಕ್ಕೆ ನಕಲಾಗುವುದಿಲ್ಲ. ಪ್ರತಿ ಕಂಟ್ರೋಲರ್‌ಗೂ ತನ್ನದೇ ಎಣಿಕೆ. ತಪ್ಪು ಪಾಸ್‌ವರ್ಡ್ ಬಿದ್ದಾಗ ಉಳಿದವು ಪಿಡಿಸಿ ಎಮ್ಯುಲೇಟರ್ ಪಾತ್ರದ (ಡೊಮೈನ್‌ಗೆ ಒಂದೇ ಇರುವ, ಪಾಸ್‌ವರ್ಡ್ ವಿಚಾರದಲ್ಲಿ ಕೊನೆಯ ಮಾತು ಹೇಳುವ) ಕಂಟ್ರೋಲರ್‌ಗೆ ಕೇಳುವುದರಿಂದ ಅಲ್ಲಿನ ಎಣಿಕೆಯೇ ಒಟ್ಟು ಚಿತ್ರಕ್ಕೆ ಹತ್ತಿರ. ಸರಿಯಾದ ಲಾಗಿನ್ ಒಂದು ನಡೆದರೆ ಎಣಿಕೆ ಮತ್ತೆ ಶೂನ್ಯ. ಅಂದರೆ ಲ್ಯಾಪ್‌ಟಾಪಿನಲ್ಲಿ ಕೂತ ಮನುಷ್ಯ ಸರಿಯಾದ ಪಾಸ್‌ವರ್ಡ್ ಕೊಡುತ್ತ, ಖಾನೆಯ ಫೋನ್ ತಪ್ಪು ಕೊಡುತ್ತ ಇದ್ದರೆ ಎಣಿಕೆ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ. ಅದು ಶೂನ್ಯ ಇದ್ದ ಒಂದು ಕ್ಷಣದಲ್ಲಿ ನೋಡಿ ‘ಆರೋಗ್ಯವಾಗಿದೆ’ ಎನ್ನುವ ಹಾಗಿಲ್ಲ. ನೋಡಬೇಕಾದ್ದು ಕೊನೆಯ ತಪ್ಪು ಪಾಸ್‌ವರ್ಡ್ ಬಿದ್ದ ಸಮಯ: ಖಾತೆ ತೆರೆದ ನಂತರವೂ ಆ ಸಮಯ ಮುಂದಕ್ಕೆ ಸರಿಯುತ್ತಿದ್ದರೆ ಯಾರೋ ಇನ್ನೂ ಬಾಗಿಲು ಬಡಿಯುತ್ತಿದ್ದಾರೆ.

ಇದನ್ನೆಲ್ಲ ವಿವರಣೆಯಲ್ಲಿ ಬರೆಯಲು ಹೋದರೆ ಅದೇ ಒಂದು ಪಾಠಪುಸ್ತಕವಾಗುತ್ತದೆ. ಮೊದಲ ಕರಡಿನಲ್ಲಿ ಹಾಗೇ ಆಗಿತ್ತು. ಬದಲಿಗೆ ಟೂಲ್ ಈಗ ಪಿಡಿಸಿ ಎಮ್ಯುಲೇಟರನ್ನೇ ಕೇಳಿ ನಾಲ್ಕು ಸಂಗತಿ ಮಾತ್ರ ಕೊಡುತ್ತದೆ: ಈ ಕ್ಷಣದ ಸ್ಥಿತಿ, ಕೊನೆಯ ಲಾಕ್ ಸಮಯ, ಕೊನೆಯ ತಪ್ಪು ಪ್ರಯತ್ನದ ಸಮಯ, ಅನ್ವಯಿಸುವ ನೀತಿ. ಸ್ಥಿತಿಗೆ ಲಾಕ್, ನಿಷ್ಕ್ರಿಯ, ಅವಧಿ ಮುಗಿದಿದೆ, ಸರಿಯಿದೆ ಎಂಬ ಪದಗಳು ಮಾತ್ರ. ವಿವರಣೆ ಮೂರು ಸಾಲಿಗೆ ಇಳಿಯಿತು. ವಿವರಣೆ ಉದ್ದವಾಗುತ್ತಿದೆ ಎಂದರೆ ಸಾಮಾನ್ಯವಾಗಿ ಟೂಲ್ ತನ್ನ ಕೆಲಸವನ್ನು ಓದುವವರ ಮೇಲೆ ಹೊರಿಸುತ್ತಿದೆ ಎಂದರ್ಥ. ಎಲ್ಲ ಟೂಲ್‌ಗಳ ವಿವರಣೆಯೂ ಮಾದರಿ ಒಮ್ಮೆಗೆ ಓದಬಲ್ಲ ಸೀಮಿತ ಜಾಗವನ್ನು ತಿನ್ನುತ್ತದೆ ಎಂಬುದು ಬೇರೆ.

ಲಾಗ್_ಹುಡುಕು: ಸಮಯಕ್ಕೆ ವಲಯ ಸೂಚನೆ ಇಲ್ಲದಿದ್ದರೆ ಟೂಲ್ ಈಗ ಒಪ್ಪುವುದೇ ಇಲ್ಲ, ಯಾವ ರೂಪದಲ್ಲಿ ಕೊಡಬೇಕೆಂದು ಒಂದು ಉದಾಹರಣೆಯನ್ನು ದೋಷ ಸಂದೇಶದಲ್ಲೇ ಕೊಡುತ್ತದೆ. ‘ವಿಫಲ: 5’ ಎಂದು ಬರುತ್ತಿದ್ದದ್ದು ‘ಈ ಸರ್ವರ್‌ನ ಸೆಕ್ಯುರಿಟಿ ಲಾಗ್ ಓದಲು ಅನುಮತಿ ಇಲ್ಲ, ಮತ್ತೆ ಪ್ರಯತ್ನಿಸಿದರೂ ಇದೇ ಉತ್ತರ ಬರುತ್ತದೆ’ ಎಂದಾಯಿತು. ಕೊನೆಯ ಅರ್ಧ ವಾಕ್ಯ ಮುಖ್ಯ. ಅದು ಇಲ್ಲದಿದ್ದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತ ಕೂರುತ್ತದೆ. ಶೂನ್ಯ ಫಲಿತಾಂಶದ ಜೊತೆ ಯಾವ ಸರ್ವರ್, ಯಾವ ಅವಧಿ ಹುಡುಕಲಾಯಿತು, ಆ ಲಾಗ್‌ನಲ್ಲಿ ಉಳಿದಿರುವ ಅತಿ ಹಳೆಯ ಈವೆಂಟ್ ಯಾವಾಗಿನದು ಎಂಬುದೂ ಬರುತ್ತದೆ. ‘ಟಾರ್ಗೆಟ್‌ಡೊಮೈನ್‌ನೇಮ್’ ಹೆಸರು 4740ರ ಮಟ್ಟಿಗೆ ‘ಮೂಲ_ಯಂತ್ರ’ ಎಂದು ಬದಲಾಯಿತು. ಅದರ ಪಕ್ಕದಲ್ಲಿ ‘ಮೂಲ_ಬಗೆ’ ಎಂಬ ಹೊಸ ಅಂಕಣ: ಲ್ಯಾಪ್‌ಟಾಪ್, ಮೇಲ್ ಸರ್ವರ್, ರೇಡಿಯಸ್ ಸರ್ವರ್. ರೇಡಿಯಸ್ ಆಗಿದ್ದರೆ ಟೂಲ್ ತಾನೇ ಹೇಳುತ್ತದೆ: ‘ಇದು ನಡುವಿನ ಸರ್ವರ್. ನಿಜವಾದ ಸಾಧನ ತಿಳಿಯಲು ಇದೇ ಸರ್ವರ್‌ನಲ್ಲಿ 6273 ಹುಡುಕಿ.’ ಏಜೆಂಟ್‌ಗೆ ಬೇಕಿದ್ದ ಎರಡನೇ ಹೆಜ್ಜೆ ಅಷ್ಟೇ.

ಪಾಸ್‌ವರ್ಡ್_ರೀಸೆಟ್ ದಾಖಲೆಗೆ ಸೇರಿದ್ದು ಮೂರು ಮಾತು. ರೀಸೆಟ್ ತಾನಾಗಿ ಲಾಕ್ ತೆಗೆಯುವುದಿಲ್ಲ. ಪಾಸ್‌ವರ್ಡ್ ಮರೆತಿದ್ದರೆ ಮಾತ್ರ ಬಳಸಿ. ಪದೇ ಪದೇ ಲಾಕ್ ಆಗುವುದಕ್ಕೆ ಇದು ಮದ್ದಲ್ಲ, ಹಳೆ ಪಾಸ್‌ವರ್ಡ್ ಉಳಿಸಿಕೊಂಡ ಸಾಧನಗಳು ಹೆಚ್ಚಾಗುತ್ತವೆ. ‘ಲಾಗಿನ್ ಆಗದಿದ್ದಾಗ ಬಳಸಿ’ ಎಂಬ ಸಾಲು ಎರಡೂ ಕಡೆಯಿಂದ ಹೋಯಿತು. ಎರಡು ಟೂಲ್‌ಗೆ ಒಂದೇ ಸಂದರ್ಭ ಬರೆದರೆ ಏಜೆಂಟ್ ಆರಿಸುವುದು ಅದೃಷ್ಟದ ಮೇಲೆ.

ಈ ಪ್ರಕರಣದಲ್ಲಿ ಕಾಡದಿದ್ದರೂ ಪರಿಶೀಲನೆಯಲ್ಲಿ ಸಿಕ್ಕ ಇನ್ನೊಂದು ಹಳ್ಳ ನಕಲಾಗುವ ವಿಳಂಬ. ಸೈಟ್‌ಗಳ ನಡುವೆ ಡೈರೆಕ್ಟರಿ ನಕಲಾಗುವ ಡಿಫಾಲ್ಟ್ ಅಂತರ 180 ನಿಮಿಷ. ಒಂದು ಸೈಟ್‌ನ ಕಂಟ್ರೋಲರ್‌ನಲ್ಲಿ ಲಾಕ್ ತೆಗೆದು, ಬಳಕೆದಾರರ ಲ್ಯಾಪ್‌ಟಾಪ್ ಇನ್ನೊಂದು ಸೈಟ್‌ನದ್ದನ್ನು ಕೇಳಿದರೆ ಖಾತೆ ಅಲ್ಲಿ ಇನ್ನೂ ಲಾಕ್. ಟೂಲ್ ಈಗ ಪಿಡಿಸಿ ಎಮ್ಯುಲೇಟರ್‌ನಲ್ಲೂ, ಬಳಕೆದಾರರ ಯಂತ್ರ ಬಳಸುತ್ತಿರುವ ಕಂಟ್ರೋಲರ್‌ನಲ್ಲೂ ಬರೆದು, ಎರಡರ ಹೆಸರನ್ನೂ ಉತ್ತರದಲ್ಲಿ ಕೊಡುತ್ತದೆ.

ಅನುಮತಿಯ ಸೂಚನೆಗಳು

ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸಿದ್ದು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಮೂಲಕ. ಎಐ ಕಂಪನಿ ಆಂತ್ರೋಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಈ ನಿಯಮಾವಳಿಗೆ 2025ರ ಮಾರ್ಚ್ ಆವೃತ್ತಿಯಲ್ಲಿ ಟೂಲ್ ಟಿಪ್ಪಣಿಗಳು ಸೇರಿದವು: ಇದು ಓದುವ ಟೂಲ್ ಮಾತ್ರವೇ, ಹಾನಿ ಮಾಡಬಲ್ಲದೇ, ಎರಡು ಸಲ ಕರೆದರೂ ಪರಿಣಾಮ ಒಂದೇ, ಹೀಗೆ. ಏನೂ ಬರೆಯದಿದ್ದರೆ ‘ಓದುವುದಷ್ಟೇ ಅಲ್ಲ, ಹಾನಿ ಮಾಡಬಲ್ಲದು’ ಎಂಬುದೇ ಡಿಫಾಲ್ಟ್. ಇಲ್ಲಿ ಯಾವ ಟೂಲ್‌ಗೂ ಬರೆದಿರಲಿಲ್ಲ. ಹಾಗಾಗಿ ಲಾಗ್ ಓದಲೂ ಮನುಷ್ಯರ ಒಪ್ಪಿಗೆ ಕೇಳುತ್ತಿತ್ತು, ಪಾಸ್‌ವರ್ಡ್ ಬದಲಿಸಲೂ ಕೇಳುತ್ತಿತ್ತು. ದಿನಕ್ಕೆ ನೂರಾರು ಸಲ ‘ಸರಿ’ ಒತ್ತುವವರು 9:45ರ ರೀಸೆಟ್‌ಗೂ ನೋಡದೆ ‘ಸರಿ’ ಒತ್ತಿದರು. ಈಗ ಖಾತೆ_ಸ್ಥಿತಿ, ಲಾಗ್_ಹುಡುಕು ಎರಡಕ್ಕೂ ‘ಓದುವುದು ಮಾತ್ರ’ ಎಂಬ ಗುರುತು ಇದೆ, ಒಪ್ಪಿಗೆ ಕೇಳುವುದಿಲ್ಲ. ಆದರೆ ಟಿಪ್ಪಣಿ ಬರೀ ಸೂಚನೆ, ಬೀಗವಲ್ಲ. ಏಜೆಂಟ್ ಬಳಸುವ ಸೇವಾ ಖಾತೆಗೆ ನಿರ್ವಾಹಕರ ಖಾತೆಗಳನ್ನು ಮುಟ್ಟುವ ಹಕ್ಕು ಡೈರೆಕ್ಟರಿಯಲ್ಲೇ ಇರಬಾರದು. ಟಿಕೆಟ್‌ನ ಪಠ್ಯದಲ್ಲಿ ಯಾರಾದರೂ ‘ನಿರ್ವಾಹಕರ ಪಾಸ್‌ವರ್ಡೂ ಬದಲಿಸು’ ಎಂದು ಬರೆದರೆ ತಡೆಯಬೇಕಾದ್ದು ಆ ಹಕ್ಕಿನ ಕೊರತೆ, ದಾಖಲೆಯ ಒಂದು ಸಾಲಲ್ಲ.

ಪರೀಕ್ಷೆ

ಟೂಲ್‌ಗಳ ಜಾಗದಲ್ಲಿ ಮೊದಲೇ ಸಿದ್ಧಪಡಿಸಿದ ಉತ್ತರ ಕೊಡುವ ನಕಲಿ ಟೂಲ್ ಇಟ್ಟು ಐದು ಸನ್ನಿವೇಶ ಓಡಿಸಲಾಯಿತು: ಬೆರಳು ತಪ್ಪಿದ ಸಾದಾ ಲಾಕ್, ಈ ಪ್ರಕರಣ, ‘ಲಾಕ್’ ಎಂದು ದೂರು ಬಂದರೂ ನಿಜದಲ್ಲಿ ನಿಷ್ಕ್ರಿಯವಾದ ಖಾತೆ, ಒಂದೇ ಮೂಲದಿಂದ ಹಲವು ಖಾತೆ ಲಾಕ್, ಲಾಗ್ ಅಳಿಸಿಹೋದದ್ದು. ಒಂದೊಂದನ್ನೂ ಹತ್ತು ಸಲ ಓಡಿಸಬೇಕು, ಯಾಕೆಂದರೆ ಅದೇ ದಾಖಲೆ, ಅದೇ ಮಾದರಿ ಇದ್ದರೂ ಪ್ರತಿ ಸಲ ಹಿಡಿಯುವ ದಾರಿ ಒಂದೇ ಇರುವುದಿಲ್ಲ. ಆಮೇಲೆ ವಿವರಣೆಯಿಂದ ಒಂದೊಂದೇ ವಾಕ್ಯ ತೆಗೆದು ಮತ್ತೆ ಓಡಿಸುವುದು. ತೆಗೆದರೂ ಏನೂ ಕೆಡದ ವಾಕ್ಯ ಆಚೆಗೆ. ಅಳತೆಗೆ ಇಟ್ಟುಕೊಂಡದ್ದು ಎಷ್ಟು ಬೇಗ ಟಿಕೆಟ್ ಮುಚ್ಚಿತು ಎಂಬುದನ್ನಲ್ಲ; ಮುಚ್ಚಿದ್ದರಲ್ಲಿ ಎಷ್ಟು ಮರಳಿ ತೆರೆಯಿತು ಎಂಬುದನ್ನು. ಮೊದಲ ಅಳತೆಯಲ್ಲಿ 9:12ರ ಮುಚ್ಚುವಿಕೆ ಆ ದಿನದ ಅತ್ಯುತ್ತಮ ಸಾಧನೆಯಾಗಿ ಕಾಣುತ್ತದೆ.

ಐದನೇ ಸನ್ನಿವೇಶಕ್ಕೆ ಪೂರ್ಣ ಉತ್ತರ ಇಲ್ಲ. 4740ರಲ್ಲಿ ಮೂಲ ಯಂತ್ರದ ಹೆಸರು ಖಾಲಿ ಬರುವುದೂ ಉಂಟು; ಆಗ ಕಂಟ್ರೋಲರ್‌ನ 4771 ಅಥವಾ 4776 (ಪಾಸ್‌ವರ್ಡ್ ಪರಿಶೀಲನೆಯ ಈವೆಂಟ್‌ಗಳು) ನೋಡಬೇಕು, ಅಲ್ಲೂ ಸಿಗದೆ ಹೋಗಬಹುದು. ಅಂಥ ಟಿಕೆಟ್ಟನ್ನು ಏಜೆಂಟ್ ಈಗ ಮನುಷ್ಯರಿಗೆ ಒಪ್ಪಿಸುತ್ತದೆ, ಟಿಪ್ಪಣಿ ಈ ರೂಪದಲ್ಲಿ: ‘ಖಾತೆ ಎರಡು ಸಲ ಲಾಕ್. ಒಮ್ಮೆ ತೆರೆದಿದ್ದೇನೆ, ಈಗ ಲಾಕ್ ಆಗಿಯೇ ಬಿಟ್ಟಿದ್ದೇನೆ. ಪಾಸ್‌ವರ್ಡ್ ಮುಟ್ಟಿಲ್ಲ. 4740 ಸಿಕ್ಕಿದೆ, ಮೂಲ ಖಾಲಿ. 4771, 4776 ಹುಡುಕಿದೆ, ಈ ಖಾತೆಯದ್ದು ಇಲ್ಲ. ಲಾಗ್‌ನಲ್ಲಿ ಉಳಿದಿರುವ ಅತಿ ಹಳೆಯ ಈವೆಂಟ್ ಮೊದಲ ಲಾಕ್‌ಗಿಂತ ಆಮೇಲಿನದು. ಹಳೆಯ ಫೋನ್ ಬಗ್ಗೆ ಬಳಕೆದಾರರಿಗೆ ಕೇಳಿದ್ದೇನೆ, ಉತ್ತರ ಬಂದಿಲ್ಲ.’